ಗೆರೆ ದಾಟದ ಬಣ್ಣ

ಅಕ್ಟೋಬರ್ ಬಂತೆಂದರೆ ಕಿತ್ತೂರು ಉತ್ಸವ. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಪಡೆ ಕಂಪನಿ ಸರ್ಕಾರದ ದಂಡನ್ನು ಸೋಲಿಸಿದ ನೆನಪಿನ ಹಬ್ಬ ಅದು. ಈ ಸಲ ಬೈಲಹೊಂಗಲದ ಗೆಳತಿಗೋ ಸವದತ್ತಿಯ ಅತ್ತೆಗೋ ಕೈಯಾರೆ ಮಾಡಿದ ಶುಭಾಶಯದ ಕಾರ್ಡು ಕೊಡೋಣವೇ? ಬಟಾಟೆಯಲ್ಲಿ ಕುದುರೆ ಕೊರೆದು ಅಚ್ಚೊತ್ತಬಹುದು. ಬೆಂಡೆಕಾಯಿಯನ್ನು ಅಡ್ಡ ಕೊಯ್ದರಂತೂ ಕೊರೆಯುವ ಕೆಲಸವೇ ಇಲ್ಲ, ಹೂವಿನ ಅಚ್ಚು ಸಿದ್ಧ!

ಅಚ್ಚೊತ್ತುವುದು ಸುಲಭ. ಪಜೀತಿ ಇರುವುದು ಅದರೊಳಗೆ ಬಣ್ಣ ತುಂಬುವಾಗ. ಗೆರೆ ಕದಡುತ್ತದೆ, ಬಣ್ಣ ಆಚೆ ಹರಿಯುತ್ತದೆ, ಕಾಗದ ಸುಕ್ಕಾಗುತ್ತದೆ. ಅದಕ್ಕೆ ಕೈ ಚಳಕ ಸಾಲದೆಂದು ಬೇಸರ ಬೇಡ. ಗೆರೆ, ಕಾಗದ, ಬಣ್ಣ ಮೂರಕ್ಕೂ ತಮ್ಮದೇ ಸ್ವಭಾವವಿದೆ. ಯಾವುದು ಯಾವುದರಲ್ಲಿ ಕರಗುತ್ತದೆ ಎಂಬುದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಗೆರೆ

ಅಂಚೆ ಕಚೇರಿಯಲ್ಲಿ ಶಿಕ್ಕಾ ಹೊಡೆಯುವುದನ್ನು ನೋಡಿದ್ದೀರಲ್ಲ? ಅಂಥ ಪ್ಯಾಡಿನ ನೇರಳೆ ಶಾಯಿಯಲ್ಲಿ ಅಚ್ಚೊತ್ತಿ, ಒಣಗಿದ ಮೇಲೆ ಒದ್ದೆ ಕುಂಚ ಆಡಿಸಿ. ಗೆರೆಯೇ ಹರಡಿಬಿಡುತ್ತದೆ. ಆ ಶಾಯಿಯ ಬಣ್ಣ ನೀರಿನಲ್ಲಿ ಕರಗುವಂಥದ್ದು. ಅದರ ಮೇಲೆ ನೀರಿನ ಬಣ್ಣ ಬೇಡ, ಬಣ್ಣದ ಪೆನ್ಸಿಲ್ ಸಾಕು.

ನೀರಿನ ಬಣ್ಣವನ್ನೇ ತುಂಬಬೇಕೆಂದರೆ ಗೆರೆಗೆ ಅಕ್ರಿಲಿಕ್ ಬಣ್ಣ ಒಳ್ಳೆಯದು. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದಂತೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಪೊರೆಯಾಗುತ್ತವೆ. ಹಸಿ ಇದ್ದಾಗ ನೀರಿನಲ್ಲಿ ತೊಳೆದುಹೋಗುವ ಬಣ್ಣ, ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ.

ಬೆಂಡೆಕಾಯಿಯ ತುಂಡಿನ ಲೋಳೆಯನ್ನು ಬಟ್ಟೆಯಿಂದ ಒರೆಸಿ, ಬೀಜ ತೆಗೆದು, ಸ್ವಲ್ಪ ಆರಲು ಬಿಡಿ. ತೆಳ್ಳಗೆ ಬಣ್ಣ ಸವರಿ ಒತ್ತಿ. ಗೋಡೆಗಳು ಗೆರೆಗಳಾಗಿ ಮೂಡುತ್ತವೆ. ಬೀಜವಿದ್ದ ಕೋಣೆಗಳು, ಸಾಮಾನ್ಯವಾಗಿ ಐದು, ಬಿಳಿಯಾಗಿ ಉಳಿಯುತ್ತವೆ. ನಾವು ಬಣ್ಣ ತುಂಬುವ ಎಸಳುಗಳು ಅವೇ.

ಕಾಗದದ ಬಾಯಾರಿಕೆ

ನಮ್ಮ ಎರೆಹೊಲಗಳಲ್ಲಿ ಬೆಳೆಯುವ ಹತ್ತಿಯ ಎಳೆಯಲ್ಲಿ ಬಹುಪಾಲು ಇರುವುದು ಸೆಲ್ಯುಲೋಸ್ ಎಂಬ ವಸ್ತು. ಕಾಗದವೂ ಅದರದ್ದೇ. ಹತ್ತಿಬಟ್ಟೆಯ ಚಿಂದಿಯನ್ನು ನೀರಿನಲ್ಲಿ ಅರೆದು ಕೈಕಾಗದ ಮಾಡುತ್ತಾರೆ. ಸೆಲ್ಯುಲೋಸಿಗೆ ನೀರೆಂದರೆ ಬಲು ಪ್ರೀತಿ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆದುಕೊಳ್ಳುವಂತೆ ಕಾಗದದ ಎಳೆಗಳ ನಡುವಿನ ಸಂದುಗಳು ನೀರನ್ನು ಎಳೆದುಕೊಳ್ಳುತ್ತವೆ. ಬಣ್ಣ ಗೆರೆ ದಾಟಿ ಓಡುವುದು ಹೀಗೆ.

ಹಳೆಯ ವೃತ್ತಪತ್ರಿಕೆಯ ಮೇಲೆ ಒಂದು ಹನಿ, ನೋಟ್‌ಬುಕ್ಕಿನ ಹಾಳೆಯ ಮೇಲೆ ಒಂದು ಹನಿ ನೀರು ಬಿಡಿ. ಮೊದಲಿನದು ಬೇಗ ಹೀರಿಕೊಳ್ಳುತ್ತದೆ, ಎರಡನೆಯದರಲ್ಲಿ ಹನಿ ಸ್ವಲ್ಪ ಹೊತ್ತು ದುಂಡಗೆ ನಿಲ್ಲುತ್ತದೆ. ಬರೆಯುವ ಹಾಳೆಗೆ ಕಾರ್ಖಾನೆಯಲ್ಲೇ ನೀರು ತಡೆಯುವ ಲೇಪ ಹಾಕಿರುತ್ತಾರೆ. ನಿಮ್ಮ ಕಾರ್ಡಿನ ಕಾಗದ ತೀರ ಹೀರುವಂಥದ್ದಾದರೆ ತೆಳು ಗಂಜಿ ಸವರಿ ಒಣಗಿಸಿ. ರಾಮದುರ್ಗದ ಕಡೆ ನೇಕಾರರ ಮನೆಯಲ್ಲಿ ನೂಲಿಗೆ ಗಂಜಿ ಹಾಕುವುದು ಎಳೆ ಬಿಚ್ಚಿಕೊಳ್ಳದಿರಲೆಂದು. ಇಲ್ಲಿ ಅದೇ ಗಂಜಿ ಸಂದುಗಳನ್ನು ಮುಚ್ಚುತ್ತದೆ.

ತುಂಬುವ ಬಗೆ

ಒಂದು ಎಸಳಿನೊಳಗೆ ಬರೀ ನೀರನ್ನು ಕುಂಚದಿಂದ ಸವರಿ. ಬಣ್ಣ ಅದ್ದಿದ ಕುಂಚದ ತುದಿಯನ್ನು ಎಸಳಿನ ಬುಡಕ್ಕೆ ಮುಟ್ಟಿಸಿ. ಬಣ್ಣ ತಾನೇ ಹರಡುತ್ತ ಹೋಗಿ ಒದ್ದೆ ಮುಗಿದಲ್ಲಿ ನಿಲ್ಲುತ್ತದೆ. ನೀರಿನ ಕಣಗಳು ಒಂದನ್ನೊಂದು ಹಿಡಿದುಕೊಳ್ಳುವುದರಿಂದ ಒಣ ಅಂಚನ್ನು ಸುಲಭವಾಗಿ ದಾಟುವುದಿಲ್ಲ. ಬುಡದಲ್ಲಿ ಗಾಢ, ತುದಿಯಲ್ಲಿ ತಿಳಿ. ಹೂವಿಗೆ ಜೀವ ಬರುತ್ತದೆ.

ಪೆನ್ಸಿಲ್ ಬಣ್ಣಕ್ಕೆ ಬೇರೆ ಉಪಾಯ. ಅದರಲ್ಲಿ ಮೇಣ ಇರುತ್ತದೆ. ಮೇಣ ನೀರಿಗೆ ಬಗ್ಗದು, ಎಣ್ಣೆಗೆ ಬಗ್ಗುತ್ತದೆ. ಕುದುರೆಯ ಹೊಟ್ಟೆಯ ಕೆಳಗೆ ಒತ್ತಿ, ಬೆನ್ನಿನ ಹತ್ತಿರ ಹಗುರಾಗಿ ಬಣ್ಣ ತಿಕ್ಕಿ. ಹತ್ತಿಯ ತುದಿಗೆ ಕೊಬ್ಬರಿ ಎಣ್ಣೆ ಸೋಕಿಸಿ, ಹಿಂಡಿ, ಮೆಲ್ಲಗೆ ಒರೆಸಿ. ಪೆನ್ಸಿಲ್ಲಿನ ಗೀರುಗಳು ಒಂದಾಗುತ್ತವೆ. ಎಣ್ಣೆ ಹೆಚ್ಚಾದರೆ ಕಾಗದದ ಮೇಲೆ ಜಿಡ್ಡಿನ ಕಲೆ ಬೀಳುತ್ತದೆ, ಎಚ್ಚರ.

ಭಂಡಾರದ ಬಣ್ಣ

ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಭಂಡಾರ ಹಾರಿಸುವುದನ್ನು ನೋಡಿದ್ದೀರಿ. ಆ ಅರಿಶಿಣದಿಂದಲೂ ಕಾರ್ಡಿಗೆ ಬಣ್ಣ ಕೊಡಬಹುದು. ನೀರಿನಲ್ಲಿ ಕಲಸಿದರೆ ಪುಡಿ ತಳಕ್ಕಿಳಿಯುತ್ತದೆ. ಅರಿಶಿಣದ ಹಳದಿಗೆ ಕಾರಣವಾದ ಕುರ್ಕುಮಿನ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು, ಆದರೆ ಆಲ್ಕೋಹಾಲಿನಲ್ಲಿ ಕರಗುತ್ತದೆ. ಆದ್ದರಿಂದ ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಲೆಯಿಂದ ದೂರದಲ್ಲಿ, ಕೈಗೆ ಹಚ್ಚುವ ಸ್ಯಾನಿಟೈಸರಿನಲ್ಲಿ ಚಿಟಿಕೆ ಅರಿಶಿಣ ಕಲಸಿ. ಪುಡಿ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಎಸಳಿಗೆ ಹಚ್ಚಿ. ಅಕ್ರಿಲಿಕ್ ಗೆರೆಗೆ ಮಾತ್ರ ತಾಗಿಸಬೇಡಿ. ನೀರಿಗೆ ಜಗ್ಗದ ಆ ಪೊರೆ ಆಲ್ಕೋಹಾಲಿಗೆ ಮೆತ್ತಗಾಗುತ್ತದೆ.

ಒಣಗಿದ ಹಳದಿ ಎಸಳಿನ ನಡುವೆ ಸಾಬೂನಿನ ನೀರಿನ ಚುಕ್ಕೆ ಇಡಿ. ಚುಕ್ಕೆ ಕೆಂಪಾಯಿತೇ? ಸಾಬೂನು ಕ್ಷಾರ. ಕ್ಷಾರ ತಗುಲಿದರೆ ಕುರ್ಕುಮಿನ್ನಿನ ಕಣದ ರಚನೆ ಬದಲಾಗಿ ಅದು ಬೆಳಕನ್ನು ಹೀರುವ ರೀತಿಯೇ ಬೇರೆಯಾಗುತ್ತದೆ. ಅರಿಶಿಣಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುತ್ತಿದ್ದ ಅಜ್ಜಿಯರಿಗೆ ಇದು ಗೊತ್ತಿತ್ತು. ಸುಣ್ಣ ಕಣ್ಣಿಗೆ ಅಪಾಯ, ನಮಗೆ ಸಾಬೂನೇ ಸಾಕು. ಆ ಕೆಂಪಿನ ಮೇಲೆ ಲಿಂಬೆರಸ ಸೋಕಿಸಿದರೆ ಏನಾಗುತ್ತದೆಂದು ನೀವೇ ನೋಡಿ.

ಅರಿಶಿಣಕ್ಕೆ ಇನ್ನೊಂದು ದೌರ್ಬಲ್ಯ ಇದೆ. ಬಿಸಿಲು ಬಿದ್ದರೆ ಕುರ್ಕುಮಿನ್ ಒಡೆದು ಬಣ್ಣ ಮಾಸುತ್ತದೆ. ಅದನ್ನೂ ಪರೀಕ್ಷಿಸಬಹುದು: ಒಂದೇ ಥರ ಅರಿಶಿಣ ಹಚ್ಚಿದ ಎರಡು ಕಾರ್ಡು ಮಾಡಿ, ಒಂದನ್ನು ಬಿಸಿಲಿಗೂ ಇನ್ನೊಂದನ್ನು ಪುಸ್ತಕದೊಳಗೂ ಇಟ್ಟು ವಾರ ಬಿಟ್ಟು ಹೋಲಿಸಿ. ಯಾವುದು ಚೆನ್ನಾಗಿ ಉಳಿಯಿತೋ ಅದನ್ನು ಅತ್ತೆಗೆ ಕೊಡಿ, ಮಾಸಿದ್ದನ್ನು ಶಾಲೆಗೆ ಒಯ್ದು ಗುರುಗಳಿಗೆ ತೋರಿಸಿ.