ಗೂಂಡಾ ಯಾರು? ಹೇಳುವವರು ಯಾರು?

(ಮಿಲ್ ಕಾರ್ಮಿಕರ ಹಾಗೂ ಚಿಲ್ಲರೆ ವ್ಯಾಪಾರಿಗಳ ಕೂಡುಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಸಭೆಗೆ ಮಿಲ್ಲಿನವರೂ ಬಂದಿದ್ದೀರಿ, ಪೇಟೆಯವರೂ ಬಂದಿದ್ದೀರಿ. ಗೂಂಡಾಗಿರಿ ಎಂದರೇನೆಂಬುದನ್ನು ನಿಮಗೆ ಪುಸ್ತಕ ತೆರೆದು ಹೇಳಬೇಕಾಗಿಲ್ಲ. ಗಾಡಿ ನಿಲ್ಲಿಸಿದ ಜಾಗಕ್ಕೆ ದಿನಾ ಮಾಮೂಲು ತೆರುವವನು ಅದನ್ನು ಬಲ್ಲ. ಸಂಪಿನ ಕಾಲದಲ್ಲಿ ಗೇಟಿನ ಮುಂದೆ ಬಾಡಿಗೆಯ ದೊಣ್ಣೆಗಳನ್ನು ಕಂಡವನೂ ಬಲ್ಲ. ಆದ್ದರಿಂದ ಸಮಾಜಘಾತುಕರನ್ನು ಅಡಗಿಸಲು ಬಿಗಿಯಾದ ಕಾಯಿದೆ ತರುತ್ತೇವೆಂದು ಸರಕಾರದವರು ಹೇಳಿದಾಗ ಮೊದಲು ಚಪ್ಪಾಳೆ ಬೀಳುವುದು ನಮ್ಮ ಸಾಲಿನಿಂದಲೇ. ಚಪ್ಪಾಳೆಗೆ ಮುಂಚೆ ಒಂದು ಪ್ರಶ್ನೆ ಕೇಳೋಣ. ಆ ಕಾಯಿದೆ ಹಿಡಿಯುವುದು ಮಾಡಿದ ಕೃತ್ಯವನ್ನೋ, ಅಥವಾ ಮನುಷ್ಯನ ಹಣೆಗೆ ಒಂದು ಹೆಸರನ್ನು ಅಂಟಿಸಿ ಆ ಹೆಸರನ್ನೋ?

ಹೆಸರು ಅಂಟಿಸುವ ಕಾಯಿದೆಯ ರುಚಿಯನ್ನು ನಮ್ಮ ದೇಶ ಬಹಳ ಕಾಲ ಉಂಡಿದೆ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯಿದೆ ಮಾಡಿದರು. ಕಳವು ಮಾಡಿದ್ದಕ್ಕಲ್ಲ, ಇಂಥ ಕುಲದಲ್ಲಿ ಹುಟ್ಟಿದ್ದಕ್ಕೇ ಮನುಷ್ಯ ಅಪರಾಧಿಯಾದ. ಹೆಸರು ಬರೆಸಬೇಕು, ಹೊತ್ತುಹೊತ್ತಿಗೆ ಹಾಜರಿ ಹಾಕಬೇಕು, ಅಪ್ಪಣೆಯಿಲ್ಲದೆ ಊರು ಬಿಡಬಾರದು. ಸೊಲ್ಲಾಪುರ, ಹುಬ್ಬಳ್ಳಿಗಳಲ್ಲಿ ಅಂಥವರಿಗೆಂದು ಸೆಟ್ಲಮೆಂಟುಗಳಾದವು. ಅಲ್ಲಿಯ ಹೆಣ್ಣು ಗಂಡುಗಳು ಮಿಲ್ಲಿನಲ್ಲಿ ದುಡಿದರು. ಹೊರಗಿನ ಕಾರ್ಮಿಕನಿಗೆ ಪಾಳಿ ಮುಗಿದರೆ ಮನೆ, ಇವರಿಗೆ ಪಾಳಿ ಮುಗಿದರೆ ಹಾಜರಿ. ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರಲ್ಲಿ, ಆ ಕಾಯಿದೆ ರದ್ದಾಯಿತು. ಆದರೆ ರೂಢಿಗತ ಅಪರಾಧಿಗಳ ಕಾಯಿದೆಗಳೆಂಬ ಹೆಸರಿನಲ್ಲಿ ಅದರ ನೆರಳು ರಾಜ್ಯ ರಾಜ್ಯಗಳಲ್ಲಿ ಉಳಿಯಿತು. ಕಾಯಿದೆ ಸತ್ತರೂ ಹಣೆಪಟ್ಟಿ ಬೇಗ ಸಾಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ನಮ್ಮ ರಾಜ್ಯದ ಮಾತು. ಜನ 'ಗೂಂಡಾ ಕಾಯಿದೆ' ಎಂದು ಕರೆಯುವುದು 1985ರ ಕಾಯಿದೆಯನ್ನು. ಅದರಲ್ಲಿ ಕಳ್ಳಬಟ್ಟಿಯವರು, ಜೂಜುಕೋರರು, ಗೂಂಡಾಗಳು ಮುಂತಾದವರ ಪಟ್ಟಿಯಿದೆ. 2014ರಲ್ಲಿ ಆಸಿಡ್ ಎರಚುವವರು, ಭೂಗಳ್ಳರು, ಡಿಜಿಟಲ್ ಅಪರಾಧಿಗಳು ಮೊದಲಾದವರನ್ನು ಸೇರಿಸಿ ಪಟ್ಟಿಯನ್ನು ಉದ್ದಮಾಡಿದರು. ಇಂಥವರ ಮೇಲೆ ನಮಗೆ ಕನಿಕರವಿಲ್ಲ. ಆದರೆ ಅದು ನಡೆಯುವ ರೀತಿಯನ್ನು ನೋಡಿರಿ. ಜಿಲ್ಲಾ ಮ್ಯಾಜಿಸ್ಟ್ರೇಟರು ಅಥವಾ ಪೊಲೀಸ್ ಕಮಿಷನರು ಬಂಧನದ ಆಜ್ಞೆ ಹೊರಡಿಸಬಹುದು. ಕಾರಣಗಳನ್ನು 5 ದಿನದೊಳಗೆ ತಿಳಿಸಬೇಕು. 12 ದಿನದೊಳಗೆ ಸರಕಾರ ಒಪ್ಪಬೇಕು. ಆಮೇಲೆ ಕಡತ ಸಲಹಾ ಮಂಡಲಿಯ ಮುಂದೆ ಹೋಗುತ್ತದೆ. ಅಲ್ಲಿ ವಕೀಲರನ್ನು ನಿಲ್ಲಿಸಿಕೊಳ್ಳುವ ಹಕ್ಕು ಬಂಧಿತನಿಗಿಲ್ಲ. ಮಂಡಲಿ ಸರಿಯೆಂದರೆ 12 ತಿಂಗಳವರೆಗೆ ಸೆರೆ. ಬಹಿರಂಗ ವಿಚಾರಣೆಯಿಲ್ಲ, ಸಾಕ್ಷಿಗೆ ಪಾಟೀಸವಾಲಿಲ್ಲ, ತೀರ್ಪಿಲ್ಲ.

ಗೂಂಡಾ ಯಾರೆಂದು ಹೇಳುವಾಗ ಈ ಕಾಯಿದೆ ಹಳೆಯ ದಂಡಸಂಹಿತೆಯ ಕೆಲವು ಅಧ್ಯಾಯಗಳನ್ನು ಹೆಸರಿಸಿತು. ಅವುಗಳಲ್ಲಿ 8ನೆಯದೂ ಒಂದು. ಐದು ಅಥವಾ ಹೆಚ್ಚು ಜನರ ಅಕ್ರಮ ಕೂಟ ಬರುವುದು ಆ ಅಧ್ಯಾಯದಲ್ಲಿಯೇ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನ್ಯಾಯ ಸಂಹಿತೆಯಲ್ಲಿಯೂ ಅದು ಅಪರಾಧವೇ. ಶಾಂತವಾಗಿ ಕೂಡುವುದು ತಪ್ಪಲ್ಲ, ನಿಜ. ಆದರೆ ಗೇಟಿನ ಮುಂದೆ ಕುಳಿತವರ ಮೇಲೆ ಯಾವ ಕಲಮು ಬೀಳುತ್ತದೆಂಬುದನ್ನು ಮಿಲ್ಲಿನವರು ನಮಗಿಂತ ಚೆನ್ನಾಗಿ ಬಲ್ಲಿರಿ. ಪೇಟೆಯ ಪುಂಡನಿಗೆ ಹೊಲಿದ ಅಂಗಿ ಸಂಘದ ಕಾರ್ಯದರ್ಶಿಗೂ ಒಪ್ಪುವಂತಿದ್ದರೆ, ಅದನ್ನು ಹೊಲಿದವರ ಅಳತೆಯನ್ನು ನಾವು ಪ್ರಶ್ನಿಸಲೇಬೇಕು.

ಇದು ಬರಿಯ ಊಹೆಯಲ್ಲ. ಡಾಕ್ಟರ್ ರಾಮಮನೋಹರ ಲೋಹಿಯಾ ಅವರನ್ನು 1951ರಲ್ಲಿ ಕಾಗೋಡು ಗೇಣಿದಾರರ ಸತ್ಯಾಗ್ರಹದ ಕಾಲಕ್ಕೆ ಬಂಧಿಸಿದರು. 1965ರ ಆಗಸ್ಟಿನಲ್ಲಿ ಪಾಟ್ನಾದ ಜಿಲ್ಲಾ ಮ್ಯಾಜಿಸ್ಟ್ರೇಟರ ಆಜ್ಞೆಯ ಮೇಲೆ, ಭಾರತ ರಕ್ಷಣಾ ನಿಯಮಗಳ ಕೆಳಗೆ, ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟರು. ಅವರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಕೋರ್ಟು ಅದೇ ಸೆಪ್ಟೆಂಬರಿನಲ್ಲಿ ಬಿಡುಗಡೆ ಮಾಡಿತು. ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಆಗ ಕೊಟ್ಟ ಉಪಮಾನ ಎಲ್ಲರಿಗೂ ತಿಳಿಯುವಂಥದು. ಒಂದರೊಳಗೊಂದು ಮೂರು ವರ್ತುಲಗಳಿವೆ. ಹೊರಗಿನ ದೊಡ್ಡದು ಕಾನೂನು-ಶಿಸ್ತು, ಅದರೊಳಗಿನದು ಸಾರ್ವಜನಿಕ ಶಾಂತಿ, ಒಳಗಿನ ಚಿಕ್ಕದು ರಾಜ್ಯದ ಭದ್ರತೆ. ಇಬ್ಬರು ಕುಡಿದು ಬಡಿದಾಡಿದರೆ ಕಾನೂನು ಮುರಿಯಿತು, ಊರಿನ ಶಾಂತಿ ಮುರಿಯಲಿಲ್ಲ. ಅದಕ್ಕೆ ಸಾಮಾನ್ಯ ಕಾನೂನಿದೆ, ಅದರಂತೆ ನಡೆಯಿರಿ ಎಂಬುದು ಇದರ ಸಾರ. 2023ರಲ್ಲಿಯೂ ತೆಲಂಗಾಣದ ಇಂಥದೇ ಕಾಯಿದೆಯ ಕೆಳಗಾದ ಒಂದು ಬಂಧನವನ್ನು ರದ್ದುಮಾಡುತ್ತ, ಈ ಅಧಿಕಾರವನ್ನು ವಾಡಿಕೆಯಂತೆ ಬಳಸಬಾರದೆಂದು ಅದೇ ಕೋರ್ಟು ಎಚ್ಚರಿಸಿತು. ಸಮಾಜವಾದಿ ನಾಯಕನೊಬ್ಬನ ಸೆರೆಯಿಂದ ಹುಟ್ಟಿದ ಈ ತತ್ವ ಇಂದು ಎಲ್ಲ ಪಕ್ಷದವರ, ಯಾವ ಪಕ್ಷವೂ ಇಲ್ಲದವರ ಆಸರೆಯಾಗಿದೆ.

ಪೇಟೆಯ ಬಂಧುಗಳು ಇಲ್ಲಿ ಕೇಳಬಹುದು: "ನಿಮ್ಮ ತತ್ವ ಸರಿ, ಆದರೆ ಅವನ ವಿರುದ್ಧ ಸಾಕ್ಷಿ ಹೇಳುವವರು ಯಾರು? ಕೇಸು ಬಿದ್ದುಹೋದ ಮರುದಿನ ಅಂಗಡಿಯ ಮುಂದೆ ಬಂದು ನಿಲ್ಲುತ್ತಾನಲ್ಲ!" ಪ್ರಶ್ನೆ ನ್ಯಾಯವಾದದ್ದು. ಆದರೆ ಹನ್ನೆರಡು ತಿಂಗಳಾದ ಮೇಲೂ ಅವನು ಬಂದು ಅದೇ ಅಂಗಡಿಯ ಮುಂದೆಯೇ ನಿಲ್ಲುತ್ತಾನೆ. ಅವನನ್ನು ಸಾಕಿದ ಧಣಿಯಂತೂ ಆ ಹನ್ನೆರಡು ತಿಂಗಳೂ ಮನೆಯಲ್ಲೇ ಇರುತ್ತಾನೆ. ಸಾಕ್ಷಿಯ ಭಯಕ್ಕೆ ಔಷಧ ಸಾಕ್ಷಿಯ ರಕ್ಷಣೆ. 2018ರಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ರಕ್ಷಣಾ ಯೋಜನೆಯನ್ನು ಒಪ್ಪಿ ಜಾರಿಮಾಡಲು ಹೇಳಿತು. ಅದರ ಮೇಲೆ ಸಂಘದ ಬೆಂಬಲ ಬೇಕು. ಒಬ್ಬನೇ ಠಾಣೆಗೆ ಹೋದರೆ ಅವನ ಹೆಸರು ಸಂಜೆಯೊಳಗೆ ಪುಂಡನ ಕಿವಿಗೆ ಮುಟ್ಟುತ್ತದೆ. ಇಡೀ ಸಾಲೇ ಹೋಗಿ ರುಜು ಹಾಕಿದರೆ ಅವನು ಯಾರನ್ನೆಂದು ಹೆದರಿಸಿಯಾನು?

ಶಾಸನಸಭೆ ಮನಸ್ಸು ಮಾಡಿದರೆ ಕೃತ್ಯವನ್ನೇ ಹಿಡಿಯುವ ಕಾಯಿದೆ ಮಾಡಬಲ್ಲದು. 1955ರಲ್ಲಿ ಅಸ್ಪೃಶ್ಯತೆಯ ಆಚರಣೆ ಶಿಕ್ಷಾರ್ಹವಾಯಿತು. 1989ರ ದೌರ್ಜನ್ಯ ತಡೆ ಕಾಯಿದೆ ದಲಿತರ ಮೇಲಿನ ದೌರ್ಜನ್ಯಗಳನ್ನು ಒಂದೊಂದಾಗಿ ಎಣಿಸಿ ಹೇಳಿತು, ಬೇಕೆಂದೇ ಕರ್ತವ್ಯ ಬಿಟ್ಟ ಅಧಿಕಾರಿಗೂ ಶಿಕ್ಷೆ ವಿಧಿಸಿತು. 2013ರ ಕಾಯಿದೆ ಹತ್ತು ಜನ ದುಡಿಯುವ ಕಡೆಯಲ್ಲೆಲ್ಲ ಹೆಣ್ಣುಮಕ್ಕಳ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಬೇಕೆಂದಿತು. ಕರ್ನಾಟಕದಲ್ಲಿ 2025ರಲ್ಲಿ ಬಂದ ಕಿರುಸಾಲದ ಕಾಯಿದೆಯನ್ನು ನೋಡಿರಿ. ಸಾಲ ವಸೂಲಿಗೆಂದು ಬೆನ್ನುಹತ್ತುವುದು, ಮನೆಮಂದಿಯನ್ನು ಅವಮಾನಿಸುವುದು, ಬೆದರಿಸುವುದು, ಕಾಗದಪತ್ರ ಕಸಿದುಕೊಳ್ಳುವುದು ಎಲ್ಲವನ್ನೂ ಹೆಸರಿಟ್ಟು ಅಪರಾಧವೆಂದಿದೆ. 10 ವರ್ಷದವರೆಗೆ ಸಜೆ, 5 ಲಕ್ಷ ರೂಪಾಯಿಯವರೆಗೆ ದಂಡ. ದೂರು ಕೊಟ್ಟರೆ ಪೊಲೀಸರು ಬೇಡವೆನ್ನುವಂತಿಲ್ಲ. ಇಲ್ಲಿ ಮಾಡಿದವನು ಕೋರ್ಟಿನಲ್ಲಿ ನಿಲ್ಲುತ್ತಾನೆ, ಆರೋಪ ಬಹಿರಂಗವಾಗಿ ರುಜುವಾಗುತ್ತದೆ, ಬಲ್ಲಿದನಿಗೂ ಕೈ ಹತ್ತುತ್ತದೆ.

ಆದ್ದರಿಂದ ಯಾವ ಮಸೂದೆ ಬಂದರೂ ನಿಮ್ಮ ಶಾಸಕರಿಗೆ ಮೂರು ಪ್ರಶ್ನೆ ಹಾಕಿರಿ. ಇದು ಶಿಕ್ಷಿಸುವುದು ಯಾವ ಕೃತ್ಯವನ್ನು? ತೀರ್ಮಾನಿಸುವವರು ಯಾರು, ತೆರೆದ ಕೋರ್ಟೋ ಮುಚ್ಚಿದ ಕಡತವೋ? ಕೂಲಿಗೆ ಬಂದ ಪುಂಡನಷ್ಟೇ ಅವನನ್ನು ಕಳಿಸಿದ ಧಣಿಯನ್ನೂ ಹಿಡಿಯುತ್ತದೆಯೆ? ಮೂರಕ್ಕೂ ನೆಟ್ಟಗೆ ಉತ್ತರ ಬಂದರೆ ಆಗ ಚಪ್ಪಾಳೆ ತಟ್ಟೋಣ.

ಅಲ್ಲಿಯವರೆಗೆ ಇರುವ ಕಾಯಿದೆಗಳಿಗೆ ಜೀವ ತುಂಬುವ ಕೆಲಸ ನಮ್ಮದು. ಕಾರಖಾನೆಯಲ್ಲಿ ದೂರು ಸಮಿತಿ ಇದೆಯೋ ಇಲ್ಲವೋ ನಾಳೆಯೇ ವಿಚಾರಿಸಿರಿ. ವಸೂಲಿಯವನು ಬಾಗಿಲಿಗೆ ಬಂದರೆ ಓಣಿಯವರೆಲ್ಲ ಹೊರಗೆ ಬನ್ನಿರಿ. ಮಾಮೂಲಿನ ವಿರುದ್ಧ ಪೇಟೆ ಬರೆಯುವ ಅರ್ಜಿಗೆ ಮಿಲ್ಲಿನವರು ಸಾಕ್ಷಿ ಹಾಕಲಿ. ಗೇಟಿನ ಮುಂದೆ ದೊಣ್ಣೆ ಎದ್ದ ದಿನ ಪೇಟೆಯವರು ಬಂದು ಕಣ್ಣಾರೆ ಕಂಡದ್ದನ್ನು ಹೇಳಲಿ. ಇಷ್ಟನ್ನು ಇಂದಿನ ಸಭೆ ಠರಾವು ಮಾಡಿಕೊಳ್ಳಲೆಂದು ಕೋರಿ ನಮ್ಮ ಮಾತನ್ನು ಮುಗಿಸುತ್ತೇವೆ.