ಕಾಲೇಜಿನ ಕಾಗದದಲ್ಲಿನ ಪದಗಳು: ಪಾಲಕರಿಗೆ ತಿಳಿವಳಿಕೆ



ಟಿ. ದಾಸರಹಳ್ಳಿ 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ಪಕ್ಕದ ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುತ್ತ ಇಲ್ಲಿ ಬಾಡಿಗೆ ಮನೆಯಲ್ಲಿರುವ ಅನೇಕರಿಗೆ ಊರಿನಲ್ಲಿ ಇಂದಿಗೂ ಹೊಲವಿದೆ. ಪಹಣಿಯ ಒಂದು ಕಾಲಮನ್ನೂ ಬಿಡದೆ ಓದುವ ಪಾಲಕರು ಮಕ್ಕಳ ಕಾಲೇಜಿನ ಕಾಗದಕ್ಕೆ ಮಾತ್ರ ಓದದೆ ಸಹಿ ಹಾಕುವುದುಂಟು. ಅದರಲ್ಲಿನ ಪದಗಳು ಪರಿಚಿತವಲ್ಲದಿರುವುದೇ ಇದಕ್ಕೆ ಕಾರಣ.

ಐ.ಟಿ.ಐ. ಮುಗಿಸಿದವರಿಗೆ ದೊರೆಯುವುದು ಸರ್ಟಿಫಿಕೇಟ್. ಎಸ್.ಎಸ್.ಎಲ್.ಸಿ. ನಂತರ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಓದಿದರೆ ಡಿಪ್ಲೊಮಾ. ಡಿಪ್ಲೊಮಾ ಆದವರು ಡಿ.ಸಿ.ಇ.ಟಿ. ಬರೆದು ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೇ ಸೇರಬಹುದು. ಇದೇ ಲ್ಯಾಟರಲ್ ಎಂಟ್ರಿ. ಡಿಪ್ಲೊಮಾ ಎಂದೊಡನೆ ಮುಖ ಸಿಂಡರಿಸುವ ಪಾಲಕರು ಇದನ್ನು ಗಮನಿಸಬೇಕು.

ಬೀಜದ ಚೀಲ ಕೊಳ್ಳುವಾಗ ದೃಢೀಕರಣದ ನೀಲಿ ಚೀಟಿ ನೋಡುವಂತೆಯೇ ಪದವಿ ಕೊಡುವವರು ಯಾರೆಂದು ನೋಡಬೇಕು. 1956ರ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಕಾಯಿದೆಯ 22ನೆಯ ಕಲಮಿನ ಪ್ರಕಾರ ಕೇಂದ್ರ ಅಥವಾ ರಾಜ್ಯದ ಕಾಯಿದೆಯಿಂದ ಸ್ಥಾಪಿತವಾದ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯ, ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ, ಇವಿಷ್ಟೇ ಪದವಿ ಕೊಡಬಲ್ಲವು. ಸಂಯೋಜಿತ ಕಾಲೇಜು ಪಾಠ ಹೇಳುತ್ತದೆ, ಪದವಿ ವಿಶ್ವವಿದ್ಯಾಲಯದ್ದು. ಸ್ವಾಯತ್ತ ಕಾಲೇಜು ಪಠ್ಯವನ್ನೂ ಪರೀಕ್ಷೆಯನ್ನೂ ತಾನೇ ನಡೆಸಿದರೂ ಪದವಿ ಮಾತ್ರ ವಿಶ್ವವಿದ್ಯಾಲಯದ ಹೆಸರಿನಲ್ಲೇ ಬರುತ್ತದೆ. ಬೋರ್ಡು ದೊಡ್ಡದಿದ್ದ ಮಾತ್ರಕ್ಕೆ ಅಧಿಕಾರ ಬಾರದು.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಕೃಷಿ ಪದವಿಗೆ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ವಿಷಯದ ಮುಂದೆ 2+1 ಎಂದಿದ್ದರೆ ವಾರಕ್ಕೆ ಎರಡು ಗಂಟೆ ಪಾಠ, ಒಂದು ಪ್ರಾಯೋಗಿಕ ತರಗತಿ ಎಂದರ್ಥ. ಒಟ್ಟು ಮೂರು ಕ್ರೆಡಿಟ್. ಅಂತಿಮ ವರ್ಷದ ವಿದ್ಯಾರ್ಥಿಗಳು ಹಳ್ಳಿಯಲ್ಲಿ ತಂಗಿ ಮಾಡುವ ಕಾರ್ಯಾನುಭವಕ್ಕೂ ಕ್ರೆಡಿಟ್ ಉಂಟು. ಅವರೇನೂ ಕಾಲ ಕಳೆಯಲು ಬಂದವರಲ್ಲ.

ಹೆಚ್ಚು ಎಚ್ಚರ ಬೇಕಾದುದು ಸಿ.ಇ.ಟಿ. ಸೀಟು ಹಂಚಿಕೆಯಲ್ಲಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅಣಕು ಹಂಚಿಕೆ ಬರಿಯ ಸೂಚನೆ, ಸೀಟಲ್ಲ. ನಿಜವಾದ ಹಂಚಿಕೆಯಾದ ಮೇಲೆ ನಾಲ್ಕು ಆಯ್ಕೆಗಳ ಕ್ರಮವಿದೆ. ಒಂದನೆಯದು, ಸೀಟು ಒಪ್ಪಿ ಕಾಲೇಜು ಸೇರುವುದು. ನಾಲ್ಕನೆಯದು, ಹಂಚಿಕೆಯಿಂದಲೇ ಹೊರಬರುವುದು. ಗೊಂದಲವಿರುವುದು ನಡುವಿನ ಎರಡರಲ್ಲಿ. ಎರಡನೆಯ ಆಯ್ಕೆಯಲ್ಲಿ ಸಿಕ್ಕ ಸೀಟನ್ನು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಕಾಯಬಹುದು; ಪಟ್ಟಿಯಲ್ಲಿ ಅದಕ್ಕಿಂತ ಮೇಲೆ ಬರೆದ ಸೀಟು ಸಿಕ್ಕರೆ ಹಳೆಯದು ತಾನಾಗಿಯೇ ಹೋಗುತ್ತದೆ. ಮೂರನೆಯದರಲ್ಲೂ ಕಾಯುವುದುಂಟು, ಆದರೆ ಕೈಯಲ್ಲಿದ್ದ ಸೀಟನ್ನು ಬಿಟ್ಟುಕೊಟ್ಟು. ಮುಂದಿನ ಸುತ್ತಿನಲ್ಲಿ ಏನೂ ಸಿಗದಿದ್ದರೆ ಎರಡೂ ಇಲ್ಲ. ಕಂಪ್ಯೂಟರ್ ಅಂಗಡಿಯವರಿಗೆ ಗುಪ್ತಸಂಖ್ಯೆ ಕೊಟ್ಟು ಮನೆಗೆ ಬರುವ ವಿಷಯ ಇದಲ್ಲ. ಪಾಲಕರು ಮಕ್ಕಳ ಜೊತೆ ಕುಳಿತು ಪಟ್ಟಿಯ ಕ್ರಮವನ್ನು ನಿರ್ಧರಿಸಬೇಕು. ಆ ವರ್ಷದ ಸೂಚನಾ ಪುಸ್ತಕವನ್ನೂ ಓದಬೇಕು.

ಕೃಷಿಕರ ಕೋಟಾ ಎಂಬುದು ಕೃಷಿ ವಿಶ್ವವಿದ್ಯಾಲಯಗಳಲ್ಲಿ ರೈತರ ಮಕ್ಕಳಿಗೆ ಮೀಸಲಾದ ಪಾಲು. 2021ರಲ್ಲಿ ಸರ್ಕಾರ ಇದನ್ನು ಶೇ. 40ರಿಂದ ಶೇ. 50ಕ್ಕೆ ಏರಿಸಿತು. ಜಮೀನಿನ ದಾಖಲೆ ಒಂದಿದ್ದರೆ ಸಾಲದು, ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಬೆಳೆ, ಕಳೆ, ಉಪಕರಣಗಳನ್ನು ಗುರುತಿಸಬೇಕಾಗುತ್ತದೆ. ದಾಸರಹಳ್ಳಿಯ ಬಾಡಿಗೆ ಮನೆಯಲ್ಲೇ ಬೆಳೆದು ಸಾಮೆ ಯಾವುದು, ನವಣೆ ಯಾವುದು ಎಂದು ತಿಳಿಯದ ಮಗು ಅಲ್ಲಿ ಅಂಕ ಕಳೆದುಕೊಳ್ಳುತ್ತದೆ. ಪಿ.ಯು.ಸಿ. ಓದುವ ಎರಡು ವರ್ಷದ ರಜೆಗಳಲ್ಲಿ ಅವರನ್ನು ಊರಿಗೆ ಕಳುಹಿಸಿ, ಬಿತ್ತನೆಯ ದಿನ ಅಜ್ಜನ ಜೊತೆ ಕೂರಿಗೆಯ ಹಿಂದೆ ನಡೆಯಲು ಹೇಳಬೇಕು.