ಬಸರೀಕಟ್ಟೆಯಲ್ಲಿ ನಾನು ಹೇಳಿದ ಸುಳ್ಳು

ಇವತ್ತು ನಿಮ್ಮ ಮುಂದೆ ಒಂದು ತಿದ್ದುಪಡಿ ಇಟ್ಕೊಂಡು ಬಂದಿದ್ದೀನಿ. ಪತ್ರಿಕೆಯಾಗಿದ್ದರೆ ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹಾಕಿ ಮುಗಿಸಬಹುದಿತ್ತು. ಟೀವಿಯಲ್ಲಿ ಅಂಥ ಮೂಲೆ ಇಲ್ಲ. ಜೊತೆಗೆ ನಾನು ತಪ್ಪು ಹೇಳಿದ್ದು ಮೈಕ್ ಹಿಡಿದು, ಮಕ್ಕಳ ಎದುರಿಗೆ. ಹಾಗಾಗಿ ತಿದ್ದೋದೂ ಮೈಕಿನಲ್ಲೇ ಆಗಲಿ.

ಮೊದಲು ಸುದ್ದಿಗೆ ಬರೋಣ. 2025ರ ನವೆಂಬರ್ 19, ಬುಧವಾರ ಬೆಳಿಗ್ಗೆ ನಮ್ಮ ನ್ಯೂಸ್‌ರೂಮಿನಲ್ಲಿ ಫುಟ್‌ಬಾಲಿನ ಎರಡು ಸುದ್ದಿ ಪಕ್ಕಪಕ್ಕದಲ್ಲೇ ಬಿದ್ದಿದ್ದವು. ಒಂದು, ಹಿಂದಿನ ರಾತ್ರಿ ಢಾಕಾದಲ್ಲಿ ಭಾರತ ಬಾಂಗ್ಲಾದೇಶದ ಎದುರು 0-1ರಿಂದ ಸೋತಿತ್ತು. ಇನ್ನೊಂದು, ಕ್ಯುರಸಾವ್ ಅನ್ನೋ ಕೆರಿಬಿಯನ್ ದ್ವೀಪ ಜಮೈಕಾ ಜೊತೆ ಗೋಲಿಲ್ಲದ ಡ್ರಾ ಮಾಡಿಕೊಂಡು 2026ರ ವಿಶ್ವಕಪ್ಪಿಗೆ ಅರ್ಹತೆ ಪಡೆದಿತ್ತು. ಆ ದ್ವೀಪದ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ 2011ರ ಜನಗಣತಿ ಪ್ರಕಾರವೇ 11 ಲಕ್ಷ 37 ಸಾವಿರ ಜನ. ಅಂದರೆ ನಮ್ಮ ಒಂದು ಜಿಲ್ಲೆಯ ಏಳನೇ ಒಂದು ಭಾಗದಷ್ಟು ಜನರಿರೋ ಊರು ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ಇಷ್ಟು ಸಣ್ಣ ದೇಶ ಹಿಂದೆಂದೂ ಅಲ್ಲಿಗೆ ಹೋಗಿರಲಿಲ್ಲ. ಅವರ ಆಟಗಾರರಲ್ಲಿ ಹೆಚ್ಚಿನವರು ಹುಟ್ಟಿ ಬೆಳೆದಿದ್ದು ನೆದರ್ಲೆಂಡ್ಸ್‌ನಲ್ಲಿ, ಅಲ್ಲಿನ ಕ್ಲಬ್ಬುಗಳಲ್ಲಿ ಪಳಗಿದವರು. ಅದನ್ನೂ ಹೇಳಬೇಕು. ಆದರೆ ಇರೋ ಮಕ್ಕಳನ್ನ ಹುಡುಕಿ, ಕರೆತಂದು, ಕೂಡಿಸಿ ತಂಡ ಕಟ್ಟಿದ್ದೂ ಒಂದು ಕೆಲಸ ತಾನೇ?

ಆ ಎರಡು ಸುದ್ದಿ ಓದ್ತಾ ನನಗೆ ನೆನಪಾಗಿದ್ದು ಅದಕ್ಕೂ ಹಿಂದಿನ ಭಾನುವಾರ. ನನ್ನೂರು ಬಸರೀಕಟ್ಟೆ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಕೊಪ್ಪ ತಾಲ್ಲೂಕು, ಜಯಪುರದ ಆಚೆ, ಅಡಿಕೆ ಕಾಫಿ ತೋಟಗಳ ನಡುವಿನ ಊರು. ಮಳೆ ಹಿಡೀತು ಅಂದರೆ ತಿಂಗಳುಗಟ್ಟಲೆ ಬಿಡಲ್ಲ. ಆಗ ನಮಗೆ ಕ್ರಿಕೆಟ್ ಬಂದ್. ಬಾಲು ಪುಟಿಯಲ್ಲ, ಹೊಡೆದರೆ ಹಳ್ಳಕ್ಕೆ ಹೋಗಿರುತ್ತೆ. ಆಗ ಶಾಲೆಯ ಬೀರುವಿನಿಂದ ಫುಟ್‌ಬಾಲು ಹೊರಗೆ ಬರ್ತಿತ್ತು. ಕೆಸರು ಗದ್ದೆಯಂತಾದ ಮೈದಾನ, ಬರಿಗಾಲು, ಒಂದೇ ಬಾಲಿಗೆ ಮೂವತ್ತು ಹುಡುಗರು. ಆಟ ಮುಗಿಸಿ ಜಗಲಿಯಲ್ಲಿ ಕೂತು ಕಾಲಿಗೆ ಅಂಟಿದ ಉಂಬಳ ಕೀಳೋದು. ನಿಯಮ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಆದರೆ ಅಷ್ಟು ಖುಷಿ ಕೊಟ್ಟ ಆಟ ಇನ್ನೊಂದಿಲ್ಲ.

ಆ ಭಾನುವಾರ ಅಲ್ಲೊಂದು ರಾಜ್ಯೋತ್ಸವ ಕಾರ್ಯಕ್ರಮ. ಊರ ಹುಡುಗ ಟೀವಿಯಲ್ಲಿ ಬರ್ತಾನೆ ಅಂತ ನನ್ನನ್ನ ಕರೆದಿದ್ದರು. ಮಾತು ಮುಗಿದ ಮೇಲೆ ಪ್ರಶ್ನೆ ಕೇಳಿ ಅಂದೆ. ಎಂಟನೇ ಕ್ಲಾಸಿನ ಒಬ್ಬ ಹುಡುಗ, ಚಪ್ಪಲಿ ಕೆಳಗೆ ಬಿಟ್ಟು ವೇದಿಕೆ ಹತ್ತಿ ಬಂದ. "ಸರ್, ಫುಟ್‌ಬಾಲ್ ವರ್ಲ್ಡ್ ಕಪ್ಪಲ್ಲಿ ಇಂಡಿಯಾ ಯಾಕೆ ಆಡಲ್ಲ?" ಅಂತ ಕೇಳಿದ.

ನನ್ನ ಹತ್ತಿರ ಉತ್ತರ ರೆಡಿ ಇತ್ತು. "1950ರಲ್ಲಿ ನಮಗೆ ಅವಕಾಶ ಸಿಕ್ಕಿತ್ತು ಪುಟ್ಟಾ. ಆದರೆ ನಮ್ಮವರ ಹತ್ತಿರ ಬೂಟಿರಲಿಲ್ಲ. ಬರಿಗಾಲಲ್ಲಿ ಆಡೋ ಹಾಗಿಲ್ಲ ಅಂದುಬಿಟ್ಟರು. ಬಡದೇಶ, ಏನು ಮಾಡೋದು?" ಜೋರು ಚಪ್ಪಾಳೆ ಬಿತ್ತು. ಹುಡುಗ ಚಪ್ಪಾಳೆ ಹೊಡೀಲಿಲ್ಲ. ಒಮ್ಮೆ ತನ್ನ ಕಾಲು ನೋಡಿಕೊಂಡು ಇಳಿದು ಹೋದ.

ರಾತ್ರಿ ನಮ್ಮ ಪಿ.ಟಿ. ಮೇಷ್ಟ್ರ ಫೋನು. ರಿಟೈರ್ ಆಗಿ ಎಷ್ಟೋ ವರ್ಷವಾಯಿತು, ಧ್ವನಿ ಮಾತ್ರ ಹಾಗೇ ಇದೆ. "ಏನ್ ಮಾರಾಯ, ಮಕ್ಕಳಿಗೆ ಎಂಥದ್ದು ಹೇಳಿ ಹೋದೆ ನೀನು? ಬರಿಗಾಲಲ್ಲೇ ಲಂಡನ್ನಿಗೆ ಹೋಗಿ ಆಡಿ ಬಂದೋರು ಕಣೋ ನಮ್ಮವರು. ಓದ್ಕೊಂಡು ಮಾತಾಡು" ಅಂದರು. ಫೋನಿಟ್ಟರು.

ಓದಿದೆ. ಈಗ ಹೇಳ್ತೀನಿ, ಕೇಳಿ.

1948ರ ಜುಲೈ 31. ಲಂಡನ್ ಒಲಿಂಪಿಕ್ಸ್. ಇಲ್ಫೋರ್ಡ್ ಅನ್ನೋ ಜಾಗದ ಮೈದಾನದಲ್ಲಿ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯ. ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಬಹುತೇಕರು ಬರಿಗಾಲಲ್ಲೇ ಇಳಿದರು. ಫ್ರಾನ್ಸ್ ಒಂದು ಗೋಲು ಮುಂದಿತ್ತು. 70ನೇ ನಿಮಿಷದಲ್ಲಿ ಭಾರತ ಸಮ ಮಾಡಿತು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು. ಹೊಡೆದವರು ಸಾರಂಗಪಾಣಿ ರಾಮನ್, ಮೈಸೂರು ತಂಡದ ಆಟಗಾರ. ಎರಡು ಪೆನಾಲ್ಟಿ ಸಿಕ್ಕಿ ಎರಡನ್ನೂ ಕಳೆದುಕೊಂಡರು. ಪಂದ್ಯ ಮುಗಿಯೋ ಹೊತ್ತಿಗೆ ಫ್ರಾನ್ಸ್ ಎರಡನೇ ಗೋಲು ಹೊಡೆದು 2-1ರಿಂದ ಗೆದ್ದಿತು. ಆ ಪೆನಾಲ್ಟಿಗಳು ಒಳಗೆ ಹೋಗಿದ್ದಿದ್ದರೆ? ಬಿಡಿ.

ಅದೇ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು, ಕೆ.ಪಿ. ಧನರಾಜ್ ಇದ್ದರು. ಇಬ್ಬರೂ ಆಮೇಲೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಆಡಿದರು. ಆ ಕ್ಲಬ್ಬಿನ ಐದು ಮುಂಚೂಣಿ ಆಟಗಾರರನ್ನ ಬಂಗಾಳದ ಜನ ಪಂಚ ಪಾಂಡವರು ಅಂತಲೇ ಕರೀತಿದ್ದರು. ಐವರಲ್ಲಿ ಇಬ್ಬರು ನಮ್ಮವರು ಸ್ವಾಮಿ! ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿದೆ?

ಈಗ 1950ಕ್ಕೆ ಬನ್ನಿ. ಬ್ರೆಜಿಲ್‌ನಲ್ಲಿ ವಿಶ್ವಕಪ್. ನಮ್ಮ ಗುಂಪಿನ ಅರ್ಹತಾ ಸುತ್ತಿನಿಂದ ಬರ್ಮಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಹಿಂದೆ ಸರಿದವು. ಒಂದೂ ಪಂದ್ಯ ಆಡದೆ ಭಾರತಕ್ಕೆ ಜಾಗ ಸಿಕ್ಕಿತು. ಇಟಲಿ, ಸ್ವೀಡನ್, ಪರಾಗ್ವೇ ಇದ್ದ ಗುಂಪಿನಲ್ಲಿ ನಮ್ಮ ಹೆಸರೂ ಬಂತು. ಪ್ರಯಾಣದ ಖರ್ಚಿನ ದೊಡ್ಡ ಪಾಲು ನಾವೇ ಕೊಡ್ತೀವಿ ಅಂತ ಬ್ರೆಜಿಲ್‌ನವರು ಅಂದಿದ್ದರು. ಆದರೂ ನಾವು ಹೋಗಲಿಲ್ಲ. ನಮ್ಮ ಫೆಡರೇಷನ್ ಕೊಟ್ಟ ಕಾರಣ ಏನು ಗೊತ್ತಾ? ತಂಡದ ಆಯ್ಕೆಯಲ್ಲಿ ಒಮ್ಮತ ಇಲ್ಲ, ಅಭ್ಯಾಸಕ್ಕೆ ಸಮಯ ಸಾಲದು. ಬೂಟಿನ ಮಾತು ಅದರಲ್ಲಿಲ್ಲ. ತಂಡದ ನಾಯಕರಾಗಬೇಕಿದ್ದ ಶೈಲೇನ್ ಮನ್ನಾ ಎಷ್ಟೋ ವರ್ಷಗಳ ಮೇಲೆ ಮಾತಾಡುವಾಗ, ವಿಶ್ವಕಪ್ ಅಂದರೆ ಏನು ಅಂತ ಆಗ ನಮಗೆ ಅರಿವೇ ಇರಲಿಲ್ಲ, ನಮ್ಮ ಪಾಲಿಗೆ ಒಲಿಂಪಿಕ್ಸೇ ಎಲ್ಲ ಆಗಿತ್ತು ಅನ್ನೋ ಅರ್ಥದಲ್ಲಿ ಹೇಳಿದರು.

ಅಂದರೆ ಹೋಗೋದು ಬೇಡ ಅಂತ ತೀರ್ಮಾನ ಮಾಡಿದ್ದು ಮೇಜಿನ ಸುತ್ತ ಕೂತವರು. ಎಪ್ಪತ್ತೈದು ವರ್ಷದಿಂದ ತಪ್ಪು ಹೊತ್ಕೊಂಡಿರೋದು ಆಟಗಾರರ ಬರಿಗಾಲು.

ಬೂಟಿನ ಕಥೆ ಪೂರ್ತಿ ಸುಳ್ಳೇ ಅಂತೀರಾ? ಇಲ್ಲ. 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ನ ಚಳಿಯಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ ಭಾರತವನ್ನ ಯುಗೊಸ್ಲಾವಿಯಾ 10-1ರಿಂದ ಸೋಲಿಸಿತು. ಆ ಒಂದು ಗೋಲು ನಮ್ಮ ಅಹ್ಮದ್ ಖಾನ್ ಅವರದ್ದು. ಅದಾದ ಮೇಲೆ ಬೂಟು ಕಡ್ಡಾಯ ಮಾಡಿದರು. ಮುಂದೇನಾಯಿತು? ನಾಲ್ಕೇ ವರ್ಷದಲ್ಲಿ, 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ, ಹೈದರಾಬಾದಿನ ರಹೀಮ್ ಸಾಹೇಬರ ತರಬೇತಿಯಲ್ಲಿ ಭಾರತ ಸೆಮಿಫೈನಲ್ ತಲುಪಿತು. ಏಷ್ಯಾದಿಂದ ಅಲ್ಲಿಯವರೆಗೆ ಯಾರೂ ತಲುಪಿರಲಿಲ್ಲ. ಆ ತಂಡದಲ್ಲೂ ನಮ್ಮ ಕೆಂಪಯ್ಯ ಇದ್ದರು. ಅಂದರೆ ಬೂಟಿನ ಸಮಸ್ಯೆಯನ್ನ ಬಗೆಹರಿಸೋಕೆ ನಾಲ್ಕು ವರ್ಷ ಸಾಕಾಯಿತು. ಅದಾಗಿ ಎಷ್ಟು ವರ್ಷವಾಯಿತು ಲೆಕ್ಕ ಹಾಕಿ.

ನಾನು ಓದಿದ್ದು ಇಂಜಿನಿಯರಿಂಗ್. ಅದರಲ್ಲಿ ಕಲಿತಿದ್ದು ಬಹಳಷ್ಟು ಮರೆತಿದೆ, ಒಂದು ಮರೆತಿಲ್ಲ. ತೋಟದ ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ಮೊದಲು ವೋಲ್ಟೇಜ್ ನೋಡಬೇಕು. ನೋಡದೆ ಹೊಸ ಮೋಟಾರು ಕೂರಿಸಿದರೆ ಅದೂ ಸುಡುತ್ತೆ. ಕಾರಣ ತಪ್ಪಾಗಿ ಹಿಡಿದರೆ ರಿಪೇರಿಯೂ ತಪ್ಪಾಗುತ್ತೆ. ಬಡತನವೇ ಕಾರಣ, ಬರಿಗಾಲೇ ಕಾರಣ ಅಂದುಬಿಟ್ಟರೆ ಯಾರನ್ನೂ ಕೇಳೋ ಹಾಗಿಲ್ಲ. ಕಚೇರಿಯಲ್ಲಿ ಕೂತವರಿಗೆ ಅದಕ್ಕಿಂತ ಅನುಕೂಲ ಏನಿದೆ?

ಈಚಿನ ಕಥೆ ನೋಡಿ. 2023ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕುವೈತ್ ವಿರುದ್ಧ ಪೆನಾಲ್ಟಿ ಶೂಟೌಟಿನಲ್ಲಿ ಗೆದ್ದು ಭಾರತ ಸ್ಯಾಫ್ ಕಪ್ ಎತ್ತಿತು. ಆ ತಿಂಗಳು ಫಿಫಾ ರ‍್ಯಾಂಕಿಂಗ್‌ನಲ್ಲಿ ನಾವು 99. 2025ರ ನವೆಂಬರ್‌ನಲ್ಲಿ 142. ನಡುವೆ ನಮ್ಮ ಹುಡುಗರ ಬೂಟು ಯಾರಾದರೂ ಕದ್ದರಾ? 2025ರಲ್ಲಿ ಐಎಸ್‌ಎಲ್ ಲೀಗ್ ನವೆಂಬರ್ ಬಂದರೂ ಶುರುವಾಗಿರಲಿಲ್ಲ. ಫೆಡರೇಷನ್ ಮತ್ತು ಲೀಗ್ ನಡೆಸೋ ಕಂಪನಿಯ ನಡುವಿನ ಒಪ್ಪಂದ ಮುಗೀತಾ ಬಂತು, ಹೊಸದು ಆಗಲಿಲ್ಲ. ಟೆಂಡರ್ ಕರೆದರೆ ಒಂದೂ ಬಿಡ್ ಬರಲಿಲ್ಲ. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ನಮ್ಮ ಬೆಂಗಳೂರು ಎಫ್‌ಸಿ. ಇದೇ ಅನಿಶ್ಚಿತತೆಯಿಂದ ಆಗಸ್ಟ್‌ನಲ್ಲಿ ಅದು ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿಯಿತು. 1950ರಲ್ಲೂ ಆಟ ನಿಂತಿದ್ದು ಮೇಜಿನ ಮೇಲೆ, 2025ರಲ್ಲೂ ಮೇಜಿನ ಮೇಲೇ.

ಇಷ್ಟು ಹೇಳಿ ನಾನು ತಪ್ಪಿಸಿಕೊಂಡರೆ ಆಗಲ್ಲ. ನನ್ನ ಮೇಜೂ ಒಂದಿದೆ, ನೀವೀಗ ನೋಡ್ತಿರೋದು ಅದನ್ನೇ.

2023ರ ಮಾರ್ಚ್ 4. ಸೌದಿಯ ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ ಫೈನಲ್. ಕರ್ನಾಟಕ 3-2ರಿಂದ ಮೇಘಾಲಯವನ್ನ ಸೋಲಿಸಿತು. ಇದಕ್ಕೂ ಹಿಂದೆ ನಾವು ಗೆದ್ದಿದ್ದು 1968-69ರಲ್ಲಿ. ಆಗ ರಾಜ್ಯದ ಹೆಸರಿನ್ನೂ ಮೈಸೂರು. ಕರ್ನಾಟಕ ಅನ್ನೋ ಹೆಸರಲ್ಲಿ ಆ ಕಪ್ ಬಂದಿದ್ದು ಅದೇ ಮೊದಲು, 54 ವರ್ಷದ ಮೇಲೆ. ಆ ರಾತ್ರಿ ನಾನು ಇದೇ ಕುರ್ಚಿಯಲ್ಲಿ ಕೂತು ಚುನಾವಣೆಯ ಚರ್ಚೆ ನಡೆಸ್ತಿದ್ದೆ. ಯಾವ ಪಕ್ಷದ ಯಾರು ಯಾರಿಗೆ ಏನಂದರು ಅಂತ ಒಂದು ಗಂಟೆ. ಫುಟ್‌ಬಾಲ್ ಗೆಲುವು ಕೆಳಗೆ ಸ್ಕ್ರೋಲ್‌ನಲ್ಲಿ ಒಂದು ಸಾಲು ಹೋಯಿತು. ಅದನ್ನ ನೋಡಿದೆ. ಓದಲಿಲ್ಲ. ಅವತ್ತು ಐದು ನಿಮಿಷ ಕೊಟ್ಟಿದ್ದರೆ ಬಸರೀಕಟ್ಟೆಯ ಹುಡುಗನಿಗೆ ಹೇಳೋಕೆ ನನ್ನ ಹತ್ತಿರ ಒಂದು ಗೆಲುವಾದರೂ ಇರ್ತಿತ್ತು. ಸೋಲಿಗೆ ನೆಪ ಹುಡುಕೋ ಕಥೆಯೇ ಬಾಯಿಗೆ ಬರ್ತಿರಲಿಲ್ಲ.

ಹಾಗಾದರೆ ಆ ಹುಡುಗನ ಪ್ರಶ್ನೆಗೆ ಉತ್ತರ ಏನು? ಪುಟ್ಟಾ, ನೀನು ಈ ಕಾರ್ಯಕ್ರಮ ನೋಡ್ತಿದ್ದರೆ ಕೇಳು. ಇಂಡಿಯಾ ವರ್ಲ್ಡ್ ಕಪ್ ಆಡದೇ ಇರೋದು ನಿನ್ನಂಥವರ ಕಾಲಿನ ದೋಷದಿಂದ ಅಲ್ಲ. ಬರಿಗಾಲಲ್ಲಿ ಆಡಿದವರೂ ಇದ್ದ ತಂಡ ಫ್ರಾನ್ಸಿಗೆ ಗೋಲು ಹೊಡೆದಿದೆ, ಹೊಡೆದವರು ನಮ್ಮ ಮೈಸೂರು ತಂಡದವರು. ಹೋಗೋ ಅವಕಾಶ ಸಿಕ್ಕಾಗ ದೊಡ್ಡವರು ಹೋಗಲಿಲ್ಲ. ಆಮೇಲೆ ಮತ್ತೆ ಸಿಗೋ ಹಾಗೆ ದೊಡ್ಡವರು ನೋಡಿಕೊಳ್ಳಲಿಲ್ಲ. ಆ ದೊಡ್ಡವರಲ್ಲಿ ನಮ್ಮಂಥ ಟೀವಿಯವರೂ ಇದ್ದೀವಿ. ಮೊನ್ನೆ ನಾನು ಹೇಳಿದ್ದು ತಪ್ಪು.

ಈ ಮಾತು ಬರೆದುಕೊಂಡು ಮೇಷ್ಟ್ರಿಗೆ ಫೋನ್ ಮಾಡಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಸರಿ ಇದೆ. ಮುಂದಿನ ಸಲ ಊರಿಗೆ ಬರುವಾಗ ಶಾಲೆಗೆ ನಾಲ್ಕು ಬಾಲು ತಗೊಂಡು ಬಾ. ಇರೋದು ಒಂದೇ, ಅದೂ ಗಾಳಿ ನಿಲ್ಲಲ್ಲ" ಅಂದರು.

ತಗೊಂಡು ಹೋಗ್ತೀನಿ.